ರಾಗಿಗೆ ಗೊಬ್ಬರ: ಕಾಳಿಗೆಷ್ಟು, ಅಂಗಡಿಗೆಷ್ಟು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕಿನಲ್ಲಿ ರಾಗಿ ಕಾಣದ ಕಣ ಕಡಿಮೆ. ಆಲೂಗಡ್ಡೆಗೆ, ಹೊಗೆಸೊಪ್ಪಿಗೆ ಪೈಸೆ ಪೈಸೆ ಲೆಕ್ಕ ಹಾಕುವ ನಾವು ರಾಗಿಗೆ ಮಾತ್ರ "ಒಂದು ಮೂಟೆ ಯೂರಿಯಾ ಎರಚು" ಅಂತೀವಿ. ಆ ಒಂದು ಮೂಟೆಯ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ರಾಜಸ್ಥಾನ, ಹರಿಯಾಣದ ಕಡೆ ಬಿಯರ್ ಮಾಲ್ಟಿಗಾಗಿ ಬಾರ್ಲಿ ಬೆಳೆಯುತ್ತಾರೆ. ಸಾರಜನಕ ಕೊಟ್ಟರೆ ಬಾರ್ಲಿಯ ಇಳುವರಿ ಒಂದು ಮಟ್ಟದ ತನಕ ಏರುತ್ತದೆ. ಅದರಾಚೆ ಕೊಟ್ಟರೆ ಕಾಳಿನೊಳಗೆ ಪ್ರೋಟೀನು ಏರಿ, ಪಿಷ್ಟ ಇಳಿಯುತ್ತದೆ. ಪ್ರೋಟೀನು ನೂರಕ್ಕೆ ಸುಮಾರು 12ನ್ನು ದಾಟಿದರೆ ಮಾಲ್ಟಿನವನು ಬೆಲೆ ಮುರಿಯುತ್ತಾನೆ, ಇಲ್ಲವೇ ಬೇಡ ಅನ್ನುತ್ತಾನೆ. ಆದ್ದರಿಂದ ಅಲ್ಲಿಯ ರೈತ ಅಳೆದು ಹಾಕಲೇಬೇಕು. ನಮ್ಮ ರಾಗಿಯ ಪ್ರೋಟೀನು ಅಳೆಯುವವರು ಯಾರೂ ಇಲ್ಲ. ಹಾಗಾಗಿ ನಾವೂ ಅಳೆಯುವುದಿಲ್ಲ. ಅಳೆಯುವವನು ಅಂಗಡಿಯವನೊಬ್ಬನೇ, ಅದೂ ಬಾಕಿ ಪುಸ್ತಕದಲ್ಲಿ!

ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಎಕರೆಗೆ ಸುಮಾರು 20 ಕೆಜಿ ಸಾರಜನಕ, 16 ಕೆಜಿ ರಂಜಕ, 10ರಿಂದ 15 ಕೆಜಿ ಪೊಟ್ಯಾಷ್. ನಾವು ಹಾಕುವುದೇನು? ಒಂದು ಮೂಟೆ ಡಿಎಪಿ, ಒಂದು ಮೂಟೆ ಯೂರಿಯಾ. ಕೂಡಿ ನೋಡಿ: ಸಾರಜನಕ 30 ಕೆಜಿ, ರಂಜಕ 23 ಕೆಜಿ, ಪೊಟ್ಯಾಷ್ ಸೊನ್ನೆ. ಬೇಕಾದ್ದಕ್ಕಿಂತ ಸಾರಜನಕ ಒಂದೂವರೆ ಪಟ್ಟು, ಕಾಂಡಕ್ಕೆ ಗಟ್ಟಿತನ ಕೊಡುವ ಪೊಟ್ಯಾಷ್ ಮಾತ್ರ ಇಲ್ಲ. ಯೂರಿಯಾ ಮೂಟೆ ಸುಮಾರು 270 ರೂಪಾಯಿ, ಪೊಟ್ಯಾಷ್ ಮೂಟೆ 1500 ದಾಟುತ್ತದೆ. ಅಗ್ಗದ್ದನ್ನು ಸುರಿದು, ದುಬಾರಿಯದನ್ನು ಬಿಡುವುದು ನಮ್ಮ ತಪ್ಪೊಂದೇ ಅಲ್ಲ, ಸಬ್ಸಿಡಿ ಕಟ್ಟಿದವರ ತಪ್ಪೂ ಹೌದು.

ಹೆಚ್ಚಾದ ಸಾರಜನಕದಿಂದ ಪೈರು ಕಪ್ಪು ಹಸಿರಾಗಿ ಎದೆಯೆತ್ತರ ಬರುತ್ತದೆ, ನೋಡಿದವರು ಭೇಷ್ ಅನ್ನುತ್ತಾರೆ. ಅಂಥ ಪೈರಿಗೇ ಬೆಂಕಿರೋಗ ಜಾಸ್ತಿ. ತೆನೆಯ ಕುತ್ತಿಗೆಗೆ ರೋಗ ಬಿತ್ತೋ, ಕಾಳು ಜಳ್ಳು. ಮೇಲೆ ಮಳೆ ಗಾಳಿ ಬಂದರೆ ಪೈರು ಮಲಗುತ್ತದೆ. ನಾನೂ ಹಾಗೇ ಕೆಟ್ಟವನು. 2021ರ ನವೆಂಬರ್ ಮಳೆಯಲ್ಲಿ ನನ್ನ ರಾಗಿ ಮಲಗಿ, ತೆನೆಯಲ್ಲೇ ಮೊಳಕೆ ಬಂತು. ಉಳಿದದ್ದು ಕಪ್ಪು ಕಾಳು, ಹುಲ್ಲೂ ಕೊಳೆಯಿತು. ಗೊಬ್ಬರದ ಸಾಲ ಮಾತ್ರ ಕೊಳೆಯಲಿಲ್ಲ. ಪಕ್ಕದ ಹೊಲದವನು ಅರ್ಧ ಯೂರಿಯಾ ಹಾಕಿದ್ದ, ಅವನ ಪೈರು ಬಹುಪಾಲು ನಿಂತಿತ್ತು.

ಹಾಗಾದರೆ ಮಾಡುವುದೇನು? ಎಕರೆಗೆ 35 ಕೆಜಿ ಡಿಎಪಿ, 20 ಕೆಜಿ ಪೊಟ್ಯಾಷ್, 8 ಕೆಜಿ ಯೂರಿಯಾ ಬಿತ್ತನೆಗೆ ಹಾಕಿ. ಒಂದು ತಿಂಗಳಾದ ಮೇಲೆ ಕಳೆ ತೆಗೆದು, ಭೂಮಿಯಲ್ಲಿ ಹಸಿ ಇದ್ದಾಗ 22 ಕೆಜಿ ಯೂರಿಯಾ ಮೇಲುಗೊಬ್ಬರ ಕೊಡಿ. ಇದು ಶಿಫಾರಸಿಗೆ ಸರಿಹೊಂದುತ್ತದೆ. ಆಲೂಗಡ್ಡೆ ಕಿತ್ತ ಹೊಲವಾದರೆ ಹಿಂದಿನ ಗೊಬ್ಬರ ಉಳಿದಿರುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ ಇನ್ನೂ ಕಡಿಮೆ ಮಾಡಿ. ಕೊಟ್ಟಿಗೆ ಗೊಬ್ಬರ ಮಾತ್ರ ಬಿಡಬೇಡಿ. ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ನಡೆದ ಪ್ರಯೋಗ ಹೇಳುವುದೂ ಇದನ್ನೇ: ಬರೀ ರಸಗೊಬ್ಬರದ ಇಳುವರಿ ವರ್ಷ ಕಳೆದಂತೆ ಕುಗ್ಗಿತು, ಕೊಟ್ಟಿಗೆ ಗೊಬ್ಬರ ಜೊತೆಗಿದ್ದದ್ದು ನಿಂತಿತು.

ಇನ್ನು ಬೆಲೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ. ಖರೀದಿ ಕೇಂದ್ರದ ಬಾಗಿಲು ತೆರೆಯುವ ಮುಂಚೆ, ಬಾಕಿ ತೀರಿಸಲು ಕಣದಲ್ಲೇ ಮಾರಿದವನಿಗೆ ಆ ಬೆಲೆ ಇಲ್ಲ. ಕಪ್ಪಾದ ಕಾಳು ಒಯ್ದವನಿಗೂ ಇಲ್ಲ. ಮೊಳಕೆ ಕಟ್ಟಿ ಮಾಲ್ಟು ಮಾಡಲು ಸಮನಾದ, ಗಟ್ಟಿ ಕಾಳೇ ಬೇಕು. ಅಂಥ ಕಾಳು ಬೆಳೆದವನಿಗೆ ಒಂದು ರೂಪಾಯಿ ಹೆಚ್ಚು ಕೊಡಿ ಅಂತ ಕೇಳುವ ಹಕ್ಕು ನಮಗಿದೆ. ಕೇಳೋಣ, ಕಣದ ರಾಗಿ ಮನೆ ಸೇರುವಾಗಲೇ ಕೇಂದ್ರ ತೆರೆಯಿರಿ ಅಂತಲೂ ಕೇಳೋಣ.

ಆದರೆ ಬೆಲೆ ಸರ್ಕಾರದ ಕೈಲಿದೆ, ಗೊಬ್ಬರದ ಅಳತೆ ನಮ್ಮ ಕೈಲಿದೆ. ಈ ಸಲ ಅಂಗಡಿಗೆ ಹೋಗುವ ಮುಂಚೆ ಮನೆಯ ಜಗಲಿ ಮೇಲೆ ಕೂತು ಲೆಕ್ಕ ಬರೆಯಿರಿ.