ಮರದ ಕಟ್ಟಡ: ಕಾರ್ಬನ್ ಲೆಕ್ಕ ಎಲ್ಲಿಗೆ ನಿಲ್ಲಿಸ್ತೀರಿ?

ನಾರ್ವೆಯ ಬ್ರುಮುಂಡಾಲ್ ಅನ್ನೋ ಪುಟ್ಟ ಊರಲ್ಲಿ ಮ್ಯೋಸ್ಟೋರ್ನೆಟ್ ಅಂತ 18 ಅಂತಸ್ತಿನ ಕಟ್ಟಡ ಇದೆ. 2019ರಲ್ಲಿ ಮುಗಿದಿದ್ದು, ಎತ್ತರ ಸುಮಾರು 85 ಮೀಟರ್. ಕಂಬ, ತೊಲೆ ಎಲ್ಲಾ ಮರದ್ದು. ಗಾಳಿಗೆ ಓಲಾಡಬಾರದು ಅಂತ ಮೇಲಿನ ಅಂತಸ್ತುಗಳ ನೆಲಕ್ಕೆ ಮಾತ್ರ ಕಾಂಕ್ರೀಟ್ ಹಾಕಿದ್ದಾರೆ.

ಮರದ ಕಟ್ಟಡ ಅಂದ ಕೂಡಲೇ ‘ಕಾರ್ಬನ್ ನೆಗೆಟಿವ್’ ಅನ್ನೋ ಮಾತು ಕೇಳಿಬರುತ್ತೆ. ನಿಜಾನಾ? ಬನ್ನಿ, ಲೆಕ್ಕ ಹಾಕೋಣ.

ಒಣಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಕಾರ್ಬನ್. 400 ಕಿಲೋ ಮರ ಅಂದ್ರೆ 200 ಕಿಲೋ ಕಾರ್ಬನ್. ಪ್ರತಿ ಕಿಲೋ ಕಾರ್ಬನ್‌ಗೆ ಮರ ಗಾಳಿಯಿಂದ 3.67 ಕಿಲೋ ಕಾರ್ಬನ್ ಡೈಆಕ್ಸೈಡ್ ಹೀರಿರುತ್ತೆ. ಒಟ್ಟು ಸುಮಾರು 730 ಕಿಲೋ. ಕಡಿಯೋದು, ಕೊಯ್ಯೋದು, ಒಣಗಿಸೋದು, ಅಂಟು, ಲಾರಿ, ಇದೆಲ್ಲದರ ಹೊಗೆ ಸೇರಿಸಿದ್ರೂ ಸಾಮಾನ್ಯವಾಗಿ ಉತ್ತರ ಮೈನಸ್‌ನಲ್ಲೇ ಇರುತ್ತೆ.

ಆದ್ರೆ ಇದು ಕಾರ್ಖಾನೆ ಗೇಟಿನವರೆಗಿನ ಲೆಕ್ಕ. ಮುಂದೊಂದು ದಿನ ಕಟ್ಟಡ ಕೆಡವಿ ಆ ಮರ ಸುಟ್ಟರೆ? 730 ಕಿಲೋ ಪೂರ್ತಿ ವಾಪಸ್ ಗಾಳಿಗೆ! ಅದಕ್ಕೇ ಯುರೋಪಿನ ಇಎನ್ 15804 ಮಾನದಂಡದ 2019ರ ಪರಿಷ್ಕರಣೆ ಪ್ರಕಾರ, ಮರದ ಕಾರ್ಬನ್ ಒಳಗೆ ಬರುವಾಗ ಮೈನಸ್, ಹೊರಗೆ ಹೋಗುವಾಗ ಪ್ಲಸ್. ಕೊನೆಗೆ ಸೊನ್ನೆ. ಇದನ್ನ ಕಲ್ಲಿದ್ದಲು, ಡೀಸೆಲ್ ಹೊಗೆಯ ಲೆಕ್ಕದ ಜೊತೆ ಕಲಸೋ ಹಾಗಿಲ್ಲ, ಬೇರೆ ಸಾಲಲ್ಲೇ ತೋರಿಸಬೇಕು.

ಹಾಗಾದ್ರೆ ಮರದಿಂದ ಲಾಭವೇ ಇಲ್ವಾ? ಇದೆ. ಸಿಮೆಂಟ್ ಮಾಡೋಕೆ ಸುಣ್ಣದ ಕಲ್ಲು ಕಾಯಿಸಿದಾಗ ಕಲ್ಲೊಳಗಿನ ಕಾರ್ಬನ್ ಡೈಆಕ್ಸೈಡೇ ಹೊರಬರುತ್ತೆ, ಇಂಧನದ ಹೊಗೆ ಬೇರೆ. ಅದರ ಜಾಗಕ್ಕೆ ಮರ ಬಂದ್ರೆ ಅಷ್ಟು ಉಳೀತು. ಇನ್ನೊಂದು ಲಾಭ, ಸಮಯ. ಮಲೆನಾಡಿನ ಹಳೇ ಮನೆಗಳ ಹಲಸಿನ ಕಂಬ ನೋಡಿದೀರಾ? ತಾತನ ಕಾಲದಲ್ಲಿ ಹೀರಿದ ಕಾರ್ಬನ್ ಅದರೊಳಗೆ ಇವತ್ತಿಗೂ ಭದ್ರವಾಗಿದೆ. ತಡವಾಗಿ ಹೊರಬೀಳೋ ಕಾರ್ಬನ್‌ಗೆ ಕಡಿಮೆ ತೂಕ ಕೊಡೋ ಲೆಕ್ಕವನ್ನ ಫ್ರಾನ್ಸ್ 2022ರಲ್ಲಿ ಹೊಸ ಕಟ್ಟಡಗಳ ನಿಯಮಕ್ಕೇ ಸೇರಿಸಿತು.

ಆದ್ರೆ ಕಡಿದ ಜಾಗದಲ್ಲಿ ಮತ್ತೆ ಮರ ಬೆಳೀಲಿಲ್ಲ ಅಂದ್ರೆ? ಮೊದಲ ಮೈನಸ್ಸೇ ಸುಳ್ಳು. ಕಾಡಿನ ಕಾರ್ಬನ್ನನ್ನ ಮನೆಗೆ ಸಾಗಿಸಿದ್ವಿ, ಅಷ್ಟೇ.

ಹಾಗಾಗಿ ಯಾರಾದ್ರೂ ‘ಕಾರ್ಬನ್ ನೆಗೆಟಿವ್ ಮನೆ’ ಅಂತ ಬ್ರೋಷರ್ ಕೊಟ್ಟರೆ ಮೂರು ಪ್ರಶ್ನೆ ಕೇಳಿ. ಲೆಕ್ಕ ಎಲ್ಲಿಗೆ ನಿಲ್ಲಿಸಿದ್ರಿ? ಕೊನೇಲಿ ಈ ಮರ ಏನಾಗುತ್ತೆ? ಕಡಿದ ಜಾಗದಲ್ಲಿ ಈಗ ಏನು ಬೆಳೀತಿದೆ?

ಮತ್ತೆ ಸಿಗೋಣ.