ದಡ್ಡಿ ಅನ್ನುವ ಮೊದಲು

(ಕೆಂಚನಗುಡ್ಡದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಯಾವ ಸಂಘಕ್ಕೆ ಹೋದರೂ ನಮಗೆ ಒಂದು ಮಾತು ಕೇಳಿಸುತ್ತದೆ: "ನನ್ನ ಮಗಳು ದಡ್ಡಿ ಬಿಡ್ರಿ, ನಪಾಸಾದ್ಲು. ಗಂಡು ನೋಡಾಕ ಹತ್ತೀವಿ." ಹದಿನಾರು ವರ್ಷದ ಹುಡುಗಿಗೆ! ಮದುವೆಗೆ ಕಾನೂನು 18 ಅನ್ನುತ್ತದೆ, ಅದಿರಲಿ. ಇವತ್ತು ಆ 'ದಡ್ಡಿ' ಅನ್ನೋ ಶಬ್ದವನ್ನೇ ಹಿಡಿಯೋಣ.

ನಿಮ್ಮದು ತುಂಗಭದ್ರೆ ದಂಡೆಯ ಊರು, ನೀರಿನ ಲೆಕ್ಕ ನಿಮಗೆ ಗೊತ್ತು. ಕಾಲುವೆಯ ಮೇಲ್ಭಾಗದ ಗದ್ದೆಗೆ ನೀರು ಮೊದಲು ಹರೀತದೆ. ಕೊನೆಭಾಗದವರು ರಾತ್ರಿಯೆಲ್ಲ ಕಾದರೂ ಒಮ್ಮೊಮ್ಮೆ ಸಿಗೋದಿಲ್ಲ. ಸುಗ್ಗಿಯಲ್ಲಿ ಭತ್ತದ ಚೀಲ ಎಣಿಸಿ, ಮೇಲಿನವ ಜಾಣ, ಕೆಳಗಿನವ ಸೋಮಾರಿ ಅಂದ್ರೆ ಒಪ್ತೀರಾ? ಮಕ್ಕಳ ಅಂಕಕ್ಕೆ ಮಾತ್ರ ಒಪ್ಪಿಬಿಡ್ತೀವಿ. ನೀವು ನಾಟಿಗೆ ಹೋದಾಗ ರೊಟ್ಟಿ ಬಡಿದು, ತಮ್ಮನನ್ನು ನೋಡಿಕೊಂಡು, ಎರಡನೇ ಪೀರಿಯಡ್ಡಿಗೆ ಶಾಲೆ ಸೇರಿದವಳಿಗೂ, ಬೆಳಗ್ಗೆ ಸಂಜೆ ಟ್ಯೂಷನ್ನಿಗೆ ಹೋದವಳಿಗೂ ಪ್ರಶ್ನೆಪತ್ರಿಕೆ ಒಂದೇ. ಅಂಕ ತಂದ ಮಗುವಿನ ಶ್ರಮ ಸುಳ್ಳಲ್ಲ. ಆದರೆ ಆಕೆಯ ಗದ್ದೆಗೆ ನೀರೂ ಬಂದಿತ್ತು.

ಇದು ಹಳೇ ಜಗಳ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯದವರಿಗೂ ಪಾಲು ಸಿಗಲೆಂದು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೇ ಮುಖ್ಯ ಅಂದ ದಿವಾನ್ ವಿಶ್ವೇಶ್ವರಯ್ಯನವರು ಒಪ್ಪದೆ ದಿವಾನಗಿರಿ ಬಿಟ್ಟರು. ಅವರ ಮೇಲೆ ನಮಗೆ ಗೌರವವಿದೆ. ಆದರೂ ಈ ವಿಷಯದಲ್ಲಿ ನಾವು ಮಹಾರಾಜರ ಕಡೆ. ಬಳ್ಳಾರಿ ಸೇರಿದಂತೆ ನಮ್ಮ ಭಾಗಕ್ಕೆ 2013ರಲ್ಲಿ ಜಾರಿಗೆ ಬಂದ 371(ಜೆ) ಕೂಡ ಇದೇ ದಾರಿಯದು. ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ. ಅದಕ್ಕೆ ಸಹಾಯಕ ಆಯುಕ್ತರು ಕೊಡುವ ಪ್ರಮಾಣಪತ್ರ ಬೇಕು, ಈಗಲೇ ಮಾಡಿಸಿಡಿ.

ನಿಮ್ಮನ್ನೂ ಹೀಗೇ ಅಳೆದಿದ್ದರು, ನೆನಪಿದೆಯಾ? ಪಹಣಿ ಇಲ್ಲ, ಜಾಮೀನಿಲ್ಲ, ಸಾಲಕ್ಕೆ ಅರ್ಹರಲ್ಲ ಅಂತ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. ಅದೇ ಹೆಂಗಸರು ವಾರವಾರ ಉಳಿತಾಯ ಕಟ್ಟಿದರು, ಸಾಲ ತೀರಿಸಿ ಮತ್ತೆ ತೆಗೆದರು. ಅರ್ಹತೆ ಏನು ಹೊಸದಾಗಿ ಹುಟ್ಟಿತೇ?

ಬರುವ ವಾರದ ಸಭೆಯಲ್ಲಿ, ನಪಾಸಾದ ಹುಡುಗಿಯರು ಯಾರ್ಯಾರ ಮನೆಯಲ್ಲಿದ್ದಾರೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮರುಪರೀಕ್ಷೆಯ ಖರ್ಚಿಗೆ ಸಂಘದಿಂದಲೇ ಸಾಲ ಕೊಡಬಹುದು. ಪರೀಕ್ಷೆ ಮುಗಿಯುವ ತನಕ ಆಕೆಯ ಪಾಲಿನ ರೊಟ್ಟಿ ಬಡಿಯೋರು ಯಾರು, ತಮ್ಮನನ್ನು ನೋಡೋರು ಯಾರು ಅನ್ನೋದನ್ನೂ ಅಲ್ಲೇ ತೀರ್ಮಾನ ಮಾಡಿ.