ಹೆತ್ತದ್ದೆಷ್ಟು, ಉಳಿದದ್ದೆಷ್ಟು



ಎತ್ತಿನ ಕಮಾನುಗಾಡಿ ಏರಿ ಅಮೆರಿಕದ ಪಶ್ಚಿಮಕ್ಕೆ ಬಾಳು ಕಟ್ಟಿಕೊಳ್ಳಲು ಹೋದ ಅಜ್ಜಿಯರನ್ನು ಅವರ ವಂಶದವರು ಇವತ್ತಿಗೂ ಹುಡುಕುತ್ತಾರೆ. ಅದಕ್ಕೆ ದೊಡ್ಡ ಆಸರೆ ಹಳೆಯ ಜನಗಣತಿ.

1840ರವರೆಗೆ ಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ. ಹೆಂಡತಿ, ಮಕ್ಕಳು ಬರೀ ಅಂಕಿ. 1850ರಲ್ಲಿ ಎಲ್ಲರ ಹೆಸರೂ ಬಂತು, ಗುಲಾಮರನ್ನು ಬಿಟ್ಟು. ಆದರೆ ಹೆಂಡತಿಯ ಹೆಸರಿನ ಜೊತೆ ಇದ್ದದ್ದು ಗಂಡನ ಮನೆತನ. ತವರು ತಿಳಿಯಬೇಕಾದರೆ ಮದುವೆ ದಾಖಲೆ, ಅಪ್ಪನ ಉಯಿಲು, ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಹುಟ್ಟು-ಸಾವಿನ ಪುಟ ತಡಕಬೇಕು. 1890ರ ಹಾಳೆಗಳಂತೂ 1921ರ ಬೆಂಕಿ ಅನಾಹುತದ ನಂತರ ಬಹುಪಾಲು ಉಳಿಯಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು 1900ರ ಹಾಳೆ. ಅಲ್ಲಿ ತಾಯಂದಿರಿಗೆ ಎರಡು ಪ್ರಶ್ನೆ. ಎಷ್ಟು ಮಕ್ಕಳನ್ನು ಹೆತ್ತಿರಿ? ಎಷ್ಟು ಮಂದಿ ಬದುಕಿದ್ದಾರೆ? ಒಂದು ಮನೆಯ ಸಾಲಿನಲ್ಲಿ ಒಂಬತ್ತು, ಪಕ್ಕದಲ್ಲೇ ಐದು ಎಂದಿದೆ ಎನ್ನಿ. ಆ ನಾಲ್ವರ ಹೆಸರು ಬೇರೆಲ್ಲೂ ಇಲ್ಲದಿರಬಹುದು. ಗುರುತಿಲ್ಲದ ಗಣತಿದಾರನ ಮುಂದೆ, ಹೊಸ್ತಿಲಲ್ಲಿ ನಿಂತು, ಹೆತ್ತವಳು ಅವರನ್ನೂ ಲೆಕ್ಕಕ್ಕೆ ಸೇರಿಸಿದ್ದಾಳೆ.

ಹಾಗಂತ ಆಕೆಯೇ ಉತ್ತರಿಸಿದಳು ಎಂದೂ ಹೇಳಲಾಗದು. ಗಂಡ ಹೇಳಿರಬಹುದು, ಪಕ್ಕದ ಮನೆಯವರೂ ಹೇಳಿರಬಹುದು. ಉತ್ತರ ಕೊಟ್ಟವರು ಯಾರೆಂದು ಹಾಳೆಯಲ್ಲೇ ಗುರುತು ಹಾಕತೊಡಗಿದ್ದು 1940ರಲ್ಲಿ.